ಪಟ್ಟಿಯಿಂದ ಕೈಬಿಟ್ಟವರು

ದಾವಣಗೆರೆ, ಫೆಬ್ರವರಿ ೩೦, ೨೧೭೧

ನೂರೈವತ್ತು ವರ್ಷಗಳ ಹಿಂದೆ ಕೂತು ರಕ್ತ ಕಾರಿದ ರೋಗಿಗಳ ಪಟ್ಟಿ ಬರೆಯುತ್ತಿರುವ ವೈದ್ಯರಿಗೆ, ತಂತಿಗಾರ ಪಾಲಾಕ್ಷಪ್ಪನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದಕ್ಕೆ ಹೆಸರಿಲ್ಲ. ನನ್ನ ಕೆಲವು ಮಾತು ವಿಚಿತ್ರ ಎನಿಸಿದರೆ ಕ್ಷಮಿಸಿ. ತಂತಿಗಾರನೆಂದರೆ ತೊಡೆಸಂದಿನ ರಕ್ತನಾಳದಲ್ಲಿ ಸಣ್ಣ ರಂಧ್ರ ಮಾಡಿ, ಅಲ್ಲಿಂದ ತೆಳ್ಳನೆಯ ತಂತಿ ತೂರಿಸಿ, ಜಠರದಲ್ಲಿ ಒಡೆದ ನಾಳಕ್ಕೆ ಬಿರಡೆ ಹಾಕುವವನು. ಹೊಟ್ಟೆ ಕೊಯ್ಯುವುದಿಲ್ಲ. ಈ ವಿದ್ಯೆ ನಿಮ್ಮ ಕಾಲದ್ದೇ.

ನನ್ನ ಅಕ್ಕ ಹಾಲಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾಳೆ. ಭಟ್ಟಿಗೆ ಈಗ ಬೆಂಕಿಯಿಲ್ಲ, ಬಿಸಿಲನ್ನೇ ಕೂಡಿಟ್ಟು ಹುರಿಯುತ್ತಾರೆ. ರುಚಿ ಹಾಳಾಯಿತೆಂದು ಅವಳು ದಿನವೂ ಬೈಯುತ್ತಾಳೆ. ಅವಳಿಗೆ ಯಕೃತ್ತಿನ ಕ್ಯಾನ್ಸರ್. ಅಲ್ಲಿ ರಕ್ತದ ದಾರಿ ಕಟ್ಟಿಕೊಂಡು ಜಠರದ ನಾಳಗಳು ಉಬ್ಬಿದ್ದವು. ಇಂದು ಬೆಳಿಗ್ಗೆ ಒಂದು ಒಡೆಯಿತು. ಎರಡು ಸಲ ರಕ್ತ ಕಾರಿದ್ದಾಳೆ.

ಚಿಕಿತ್ಸೆಯ ಕೋಣೆಯ ಬಾಗಿಲು ತೆರೆಯುವುದು ನಾವಲ್ಲ, ‘ಒಪ್ಪುಗ’. ಹಳೆಯ ದಾಖಲೆಗಳನ್ನೆಲ್ಲ ಓದಿಕೊಂಡಿರುವ ಯಂತ್ರ ಅದು. ಇಂಥದೇ ರೋಗಿ ಹಿಂದೆ ಒಬ್ಬರಾದರೂ ಬದುಕಿದ್ದರೆ ಬಾಗಿಲು ತೆರೆಯುತ್ತದೆ. ಕ್ಯಾನ್ಸರ್ ಇದ್ದವರು ಒಬ್ಬರೂ ಸಿಗಲಿಲ್ಲವಂತೆ. ನಾನೇ ಹುಡುಕಿದೆ. ಎಲ್ಲ ಪಟ್ಟಿಗಳಿಗೂ ಮೂಲ ನಿಮ್ಮ ಪಟ್ಟಿ. ಅದರ ಕೊನೆಯಲ್ಲಿ ಬರೆದಿದ್ದೀರಿ: ‘ಕ್ಯಾನ್ಸರ್ ಇದ್ದ ಹತ್ತೊಂಬತ್ತು ಮಂದಿಯನ್ನು ಕೈಬಿಡಲಾಗಿದೆ.’ ಅವರಿಗೆ ಬಿರಡೆ ಹಾಕಿದವರು ನೀವೇ. ರಕ್ತ ನಿಂತು, ಮನೆಗೆ ಹೋಗಿ ಉಂಡವರೂ ಅವರಲ್ಲಿ ಇದ್ದಿರಲೇಬೇಕು. ಹೇಗೂ ಕ್ಯಾನ್ಸರ್, ಲೆಕ್ಕ ಕೆಡುತ್ತದೆ ಎಂದು ಬಿಟ್ಟಿರಿ. ನಿಮ್ಮನ್ನು ನೋಡಿ ಮುಂದಿನವರೂ ಬಿಟ್ಟರು. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

“ದಾರಿ ಗೊತ್ತೈತಲ್ಲ ನಿಂಗೆ, ಮತ್ಯಾಕ್ ನಿಂತೀಯೋ ತಮ್ಮಾ?” ಎಂದು ಅಕ್ಕ ಕೇಳಿದಳು. ಇಪ್ಪತ್ತೆರಡು ವರ್ಷ ಊರಿನವರ ನಾಳ ಮುಚ್ಚಿದವನು ಒಡಹುಟ್ಟಿದವಳ ಪಕ್ಕದಲ್ಲಿ ಬೇಸಿನ್ ಹಿಡಿದು ಕೂತಿದ್ದೇನೆ.

ಆ ಹತ್ತೊಂಬತ್ತು ಮಂದಿಯನ್ನು ಬರೆದುಬಿಡಿ. ವಯಸ್ಸು, ರಕ್ತ ನಿಂತಿತೇ, ಎಷ್ಟು ದಿನ ಬದುಕಿದರು. ಸತ್ತವರನ್ನೂ ಬರೆಯಿರಿ. ಈ ಪತ್ರ ಹೇಗೆ ತಲುಪಿತೆಂದು ಯೋಚಿಸುತ್ತ ಕೂರಬೇಡಿ. ನೀವು ಬರೆದರೆ ಅದು ನಮಗೆ ಮೊದಲಿನಿಂದಲೂ ಇದ್ದ ದಾಖಲೆಯಾಗುತ್ತದೆ. ನಾನು ಕಾಗದ ಮಡಿಸುವಷ್ಟರಲ್ಲಿ ಬಾಗಿಲು ತೆರೆದಿರಬೇಕು.

ಮಡಿಸಿದೆ. ಮತ್ತೆ ಬಿಡಿಸಿ ಇಷ್ಟನ್ನು ಸೇರಿಸುತ್ತಿದ್ದೇನೆ. ಅಕ್ಕ ಮೂರನೆಯ ಸಲ ರಕ್ತ ಕಾರಿದಳು. ಬಾಗಿಲು ಮುಚ್ಚಿಯೇ ಇದೆ.