ಹಗ್ಗದ ತುದಿಯ ಕಲ್ಲು

ಅಪ್ಪಾ,

ನಿನ್ನ ಹ್ಯಾಮ್ ರೇಡಿಯೋದ ಏರಿಯಲ್ ತಂತಿಯನ್ನು ಇವತ್ತು ಮತ್ತೆ ಏರಿಸಿದೆ. “ತಂತಿ ಇಲ್ಲದ ಆ ಬೇವಿನ ಗಿಡಾ ನೋಡಾಕ ಆಗವಲ್ದು,” ಎಂದು ಅವ್ವ ಹಟ ಹಿಡಿದಿದ್ದಳು.

ನಾನು ಬೇವಿನ ಮರ ಹತ್ತಬೇಕಾಗಲಿಲ್ಲ. ಬೀಳುವ ಮೊದಲು ನೀನು ಮೇಲಿನ ಕೊಂಬೆಯ ಗಡಗಡಿಯಲ್ಲಿ, ಆ ಪುಟ್ಟ ರಾಟೆಯಲ್ಲಿ, ಪೋಣಿಸಿದ ಹಗ್ಗ ಹಾಗೇ ಇತ್ತು. ಒಂದು ತುದಿಗೆ ತಂತಿ ಕಟ್ಟಿ ಜಗ್ಗಿದೆ. ಇನ್ನೊಂದು ತುದಿಗೆ ನೀನು ಹೇಳುತ್ತಿದ್ದಂತೆ ಕಲ್ಲು ಕಟ್ಟಿ ಇಳಿಬಿಟ್ಟೆ. ಗಾಳಿಗೆ ಮರ ತೂಗಿದಂತೆ ಕಲ್ಲು ಏರುತ್ತದೆ, ಇಳಿಯುತ್ತದೆ, ತಂತಿಗೆ ಜಗ್ಗಾಟವಿಲ್ಲ.

ನೀನು ಬಿದ್ದ ದಿನ ಸಿಂದಗಿ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ನಾನು ಕಲ್ಲು ಕಟ್ಟದೆ ಹಗ್ಗವನ್ನು ಎತ್ತು ಕಟ್ಟುವ ಗೂಟಕ್ಕೇ ಬಿಗಿದು ಹೋಗಿದ್ದೆ. ಮಧ್ಯಾಹ್ನ ತಂತಿ ಹರಿದು ಹಗ್ಗ ಗಡಗಡಿಯಿಂದ ಜಾರಿತಂತೆ. ಅದನ್ನು ಮತ್ತೆ ಪೋಣಿಸಲು ನೀನು ಹತ್ತಿದೆಯಂತೆ. ನಾನು ಬಸ್ಸಿಳಿದು ಬಂದಾಗ ನಿನ್ನನ್ನು ಕಟ್ಟೆಯ ಮೇಲೆ ಮುಖಕ್ಕೂ ಬಟ್ಟೆ ಹೊದಿಸಿ ಮಲಗಿಸಿದ್ದರು.

ಅದೇ ಕಟ್ಟೆಯ ಮೇಲೆ ಕೂತು ಅವ್ವ ಇವತ್ತು ಕಲ್ಲಿನ ಆಟವನ್ನೇ ನೋಡುತ್ತಿದ್ದಳು.

“ಹಂಗಾರ ಆವತ್ತು ಯಾಕ ಹರೀತೋ?”

“ಗಾಳಿ ಭಾಳ ಇತ್ತವ್ವಾ,” ಅಂದೆ.

ಇವತ್ತೂ ಅಷ್ಟೇ ಗಾಳಿ ಇತ್ತು, ಅಪ್ಪಾ. ಹಾರುವ ಸೆರಗನ್ನು ಒತ್ತಿ ಹಿಡಿದು ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು.