ಮಗ್ಗುಲು ತಿರುಗಿಸಿದ ದಿಮ್ಮಿ

ಬುಧವಾರ ಸಂಜೆ,
ಮಿಲ್ಲಿನ ಆಫೀಸಿನಿಂದ

ನನ್ನ ಮುದ್ದು ಹಟಮಾರಿಗೆ,

ನಿನ್ನ ಹಲಗೆಗಳು ಪಾಸಾದವು ಕಣೇ! ಫರ್ನಿಚರ್ ಕಾರ್ಖಾನೆಯವರು ಬೆಳಿಗ್ಗೆ ಬಂದಿದ್ದರು. ಹಲಗೆಗಳನ್ನು ನೆಲಕ್ಕೆ ಹಾಕಿ, ಮೂಲೆ ಮೂಲೆ ಒತ್ತಿ, ಒಂದು ಕಣ್ಣು ಮುಚ್ಚಿ ಅಂಚು ನೋಡಿದರು. ಒಂದೂ ಅಲುಗಲಿಲ್ಲ. ಇನ್ನು ಮೇಲೆ ನಮ್ಮಿಂದಲೇ ಕೊಳ್ಳುತ್ತಾರಂತೆ. ಮಿಲ್ ಉಳಿಯಿತು.

ಮರದ ಮಿಲ್ ಮಾಲೀಕರ ಆ ಸಭೆಯನ್ನು ಹೇಗೆ ಮರೆಯಲಿ? ಹಳೆಯ ಕಾಡಿನ ದಪ್ಪ ದಿಮ್ಮಿ ಇನ್ನು ಬರುವುದಿಲ್ಲ, ನೆಟ್ಟು ಬೆಳೆಸಿದ ತೆಳ್ಳನೆಯ ಮರದಲ್ಲೇ ಬದುಕಲು ಕಲಿಯಿರಿ ಎಂದು ನೀನು ಹೇಳಿದ್ದೇ ತಡ, ಮಿಲ್ಲಿನವರೆಲ್ಲ ಮೈಮೇಲೆ ಬಿದ್ದರು. ಅದು ಕಾಗದಕ್ಕೆ ಸರಿ, ಕುರ್ಚಿ ಮಾಡಿದರೆ ಕೂತವರು ಉರುಳುತ್ತಾರೆ ಎಂದು ಎದುರು ಮಿಲ್ಲಿನವನು ಎಲ್ಲರನ್ನೂ ನಗಿಸಿದ. ನನಗೆ ಮೈಯೆಲ್ಲ ಉರಿಯಿತು. ನೀನು ಮಾತ್ರ ಒಂದು ಗುಟುಕು ನೀರು ಕುಡಿದು, "ನಮ್ಮಮ್ಮನ ಮಿಲ್ಲಲ್ಲೇ ಮಾಡಿ ತೋರಿಸ್ತೀನಿ" ಎಂದೆ. ನನ್ನನ್ನು ಒಂದು ಮಾತೂ ಕೇಳದೆ!

ಮೊದಲ ದಿನದ ಹಲಗೆಗಳು ಬಿಲ್ಲಿನ ಹಾಗೆ ಬಾಗಿದಾಗ ನಮ್ಮ ಮೇಸ್ತ್ರಿ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕ. ನೀನು ಮರದ ಹೊಟ್ಟಿನಲ್ಲೇ ಕುಕ್ಕರುಗಾಲಲ್ಲಿ ಕೂತು ಅವನ್ನೇ ನೋಡಿದೆ. ಬೇಗ ಬೆಳೆದ ಮರದ ಹೊರಮೈ ಬಿಗಿದುಕೊಂಡಿರುತ್ತದೆ, ನಾವು ರೂಢಿಯಂತೆ ಒಂದೇ ಕಡೆಯಿಂದ ಸೀಳುತ್ತಾ ಹೋದರೆ ಅದು ಎಳೆದುಕೊಂಡು ಹಲಗೆ ಬಾಗುತ್ತದೆ ಎಂದೆ. ಒಂದು ಹಲಗೆ ಈ ಕಡೆಯಿಂದ ತೆಗೆದರೆ ಮುಂದಿನದು ದಿಮ್ಮಿ ತಿರುಗಿಸಿ ಆ ಕಡೆಯಿಂದ, ಆಗ ಎರಡೂ ಕಡೆಯ ಎಳೆತ ಸಮವಾಗುತ್ತದೆ. "ಗಳಿಗೆಗೊಮ್ಮೆ ಮಗ್ಗುಲು ತಿರುಗಿಸೋಕೆ ಇದೇನು ಮಗೂನಾ?" ಎಂದು ಮೇಸ್ತ್ರಿ ಗೊಣಗಿದ್ದಕ್ಕೆ ನೀನು, "ಹೂಂ, ಮಗೂನೇ" ಎಂದೆ. ಈಗ ಅವನೇ ಎಲ್ಲರಿಗೂ ಹಾಗೆ ಹೇಳಿಕೊಡುತ್ತಾನೆ, ತಾನೇ ಕಂಡುಹಿಡಿದವನ ಗತ್ತಿನಲ್ಲಿ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವವರು ಅನ್ನಲಿ. ನಾನು ಹುಟ್ಟಿದ್ದೇ ಗರಗಸದ ಸದ್ದಿನಲ್ಲಿ. ಆದರೂ ಬಾಗಿದ ಹಲಗೆಯನ್ನು ಬೈದು ಒಲೆಗೆ ಹಾಕಿದೆನೇ ಹೊರತು ಯಾಕೆ ಬಾಗಿತು ಎಂದು ಕೇಳಲಿಲ್ಲ. ನೀನು ಕೇಳಿದೆ. ನನಗೆ ನಿನ್ನ ಮೇಲೆ ಬಹಳ ಹೆಮ್ಮೆ ಕಣೇ. ಎದುರಿಗಿದ್ದಾಗ ಹೇಳಲು ಬಾಯೇ ಬರುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಎದೆಯುಬ್ಬಿಸಿಕೊಂಡು ಓಡಾಡುತ್ತಿರುವ,
ಅಮ್ಮ

ಮರೆತಿದ್ದೆ: ಮಧ್ಯಾಹ್ನ ಗುಜರಿಯವನು ಲಾರಿ ತಂದಿದ್ದ. ಗರಗಸ ಬಿಚ್ಚಿಕೊಂಡು ಹೋಗಲು ಅವನಿಗೆ ನಾನೇ ಹೇಳಿಟ್ಟಿದ್ದೆ, ನಿನ್ನ ಆ ಸಭೆಗೂ ಮೊದಲೇ. ಹೇಗೂ ಹೋಗುವ ಗರಗಸ, ಮಗಳು ನಾಲ್ಕು ದಿನ ಆಡಿಕೊಂಡಿರಲಿ ಎಂದು ಬಿಟ್ಟಿದ್ದೆನೇ ಹೊರತು ನಿನ್ನನ್ನು ನಂಬಿ ಅಲ್ಲ. ಅವನಿಗೆ ಟೀ ಕುಡಿಸಿ, ಖಾಲಿ ಲಾರಿಯಲ್ಲಿ ವಾಪಸ್ ಕಳಿಸಿದೆ.