ಸೋಮಾರಿ ಮೀನಿನ ಪರವಾಗಿ

ಮನೆಯ ಮಹಡಿ ಕೋಣೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಕೋಲ್ಡ್ ಸ್ಟೋರೇಜಿನ ಬಾಗಿಲು ಕಾಯುವವನು ಕಿವಿಗೆ ಮಫ್ಲರ್ ಸುತ್ತಿಕೊಳ್ಳಲೇಬೇಕು ಎಂದು ಅಮ್ಮ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾಳೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎಂದರೆ, ನಾನು ಅಪ್ಪನ ಜೊತೆ ಮಾತು ಬಿಟ್ಟಿದ್ದೇನೆ. ಕಾರಣ ಒಂದು ಮೀನು.

ನಗಬೇಡ. ನಮ್ಮ ಮ್ಯೂಸಿಯಮ್ಮಿಗೆ ಆಳಸಮುದ್ರದ ಆಂಗ್ಲರ್ ಮೀನು ಬಂದಿದೆ, ಗಾಜಿನ ಜಾಡಿಯಲ್ಲಿ. ನನ್ನ ಮುಷ್ಟಿಯಷ್ಟು ಗಾತ್ರ, ಅದರಲ್ಲಿ ಮುಕ್ಕಾಲು ಪಾಲು ಬಾಯಿ. ನೋಡಲು ಬಂದವರಿಗೆ ವಿವರಿಸುವ ಕೆಲಸ ನನ್ನದು. ಫಲಕದಲ್ಲೊಂದು ನೀತಿ ಇರಲಿ ಎಂದು ಬಾಟಲಿ ಸಾಹೇಬರಿಗೆ ಅನ್ನಿಸಿತು (ನಮ್ಮ ಮೇಲಧಿಕಾರಿ; ಸತ್ತದ್ದನ್ನೆಲ್ಲ ಜಾಡಿಗೆ ತುಂಬುತ್ತಾರೆಂದು ನಾವಿಟ್ಟ ಹೆಸರು). ಫಲಕ ಬರೆಯಲು ಬಂದವರು ಯಾರು? ಊರಿನ ಬೋರ್ಡುಗಳನ್ನೆಲ್ಲ ಬರೆಯುವ ನಮ್ಮ ಅಪ್ಪ. ನೀತಿ ಒದಗಿಸಿದವರೂ ಅವರೇ. "ಸೋಮಾರಿ ಮೀನು" ಎಂದು ದೊಡ್ಡಕ್ಷರ, ಕೆಳಗೆ "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು". ಸರಿಯಾದ ಕೆಲಸಕ್ಕೆ ಕಾಯುತ್ತ ಮನೆಯಲ್ಲಿದ್ದ ನಿನಗೆ, ನೀನು ಪೆಟ್ಟಿಗೆ ಎತ್ತಿಕೊಂಡು ಹೊರಟ ದಿನ, ಅಪ್ಪ ಬಾಗಿಲಲ್ಲಿ ನಿಂತು ಹೇಳಿದ್ದ ಅದೇ ಗಾದೆ! ಆಮೇಲೆ ನಿನ್ನ ಹೆಸರೆತ್ತದವರು ಅದನ್ನು ಮಾತ್ರ ಮರೆತಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಸೋಮಾರಿಯಂತೆ! ಅದು ಬದುಕುವ ಜಾಗ ಎಂಥದೆಂದು ಯಾರಾದರೂ ಯೋಚಿಸಿದ್ದಾರೆಯೇ? ಸಾವಿರ ಮೀಟರಿಗೂ ಕೆಳಗೆ, ಬಿಸಿಲು ಎಂದೂ ಇಳಿಯದ ಕಡೆ. ಕೊರೆಯುವ ಚಳಿ, ತಲೆಯ ಮೇಲೆ ಬೆಟ್ಟದಷ್ಟು ನೀರಿನ ಭಾರ, ತಿನ್ನಲು ಸಿಗುವುದೋ ಅಪರೂಪ. ಅಲ್ಲಿ ಅಟ್ಟಿಸಿಕೊಂಡು ಹೋದರೆ ಸಿಗುವ ತುತ್ತಿಗಿಂತ ಕಳೆಯುವ ಶಕ್ತಿಯೇ ಹೆಚ್ಚು. ಅದಕ್ಕೇ ಅಲುಗದೆ ತೇಲುತ್ತದೆ. ಬೆನ್ನಿನದೊಂದು ಮುಳ್ಳು ಹಣೆಯ ಮೇಲೆ ಗಾಳದ ಕೋಲಾಗಿ ಬೆಳೆದಿದೆ. ಅದರ ತುದಿಯ ಪುಟ್ಟ ಗಂಟಿನಲ್ಲಿ ಬೆಳಗುವ ಸೂಕ್ಷ್ಮಜೀವಿಗಳ ಸಂಸಾರ. ಇದು ಮನೆ ಕೊಟ್ಟಿದೆ, ಅವು ಬೆಳಕು ಕೊಡುತ್ತವೆ. ಇದಕ್ಕಿಂತ ಒಳ್ಳೆಯ ಸಹಕಾರ ಸಂಘವನ್ನು ನಾನು ಓದಿದ ಯಾವ ಕಿರುಹೊತ್ತಿಗೆಯೂ ತೋರಿಸಿಲ್ಲ. ಬೆಳಕು ಕಂಡು ಹತ್ತಿರ ಬಂದದ್ದನ್ನು ಗಬಕ್ಕನೆ ಹಿಡಿಯುತ್ತದೆ. ಹಲ್ಲುಗಳು ಒಳಕ್ಕೆ ಬಾಗುವುದರಿಂದ ಹೋದದ್ದು ಹೊರಬರುವಂತಿಲ್ಲ. ತನಗಿಂತ ದೊಡ್ಡದನ್ನೂ ಹಿಡಿಸಿಕೊಳ್ಳುವಂತೆ ಹೊಟ್ಟೆ ಹಿಗ್ಗುತ್ತದೆ, ಏಕೆಂದರೆ ಮುಂದಿನ ಊಟ ಎಂದೋ ಏನೋ. ಇದು ಸೋಮಾರಿತನವೇ? ಕಾಯುವುದೂ ದುಡಿಮೆ ಅಣ್ಣಾ! ಬಿಸಿಲಲ್ಲಿ ಹುಟ್ಟಿದವರು ಕತ್ತಲಲ್ಲಿರುವವರಿಗೆ ಓಟ ಕಲಿಸಲು ಹೊರಟಿದ್ದಾರೆ.

ಇದಿಷ್ಟನ್ನೂ ಶಾಲೆಯ ಮಕ್ಕಳೆದುರು ಹೇಳಿ, ಫಲಕ ಶುದ್ಧ ಸುಳ್ಳು ಎಂದೂ ಸೇರಿಸಿದೆ. ಬಾಟಲಿ ಸಾಹೇಬರು ಓಡಿಬಂದರು. "ಮೀನಿನ ಪರ ಇಷ್ಟೊಂದು ವಕಾಲತ್ತು ಯಾಕಮ್ಮಾ? ಅದೇನು ನಿನ್ನ ಅಣ್ಣನಾ?" ಎಂದರು. ಮಕ್ಕಳು ಗೊಳ್ಳೆಂದು ನಕ್ಕರು. ನಾನು ಬಿಡುವವಳೇ? "ಹೌದು ಸಾರ್, ಅಣ್ಣನೇ ಅಂದ್ಕೊಳ್ಳಿ" ಎಂದೆ. ಪಕ್ಕದ ಏಣಿಯ ಮೇಲೆ ಏಡಿಯ ಫಲಕಕ್ಕೆ ಅಂಚು ಎಳೆಯುತ್ತಿದ್ದ ಅಪ್ಪ, ಕುಂಚ ಎತ್ತಿದ್ದು ಎತ್ತಿದಂತೆಯೇ ನಿಂತುಬಿಟ್ಟರು. ನಾನು ಅವರತ್ತ ತಿರುಗಿಯೂ ನೋಡದೆ ಮಕ್ಕಳನ್ನು ಮುಂದಿನ ಜಾಡಿಗೆ ಕರೆದೊಯ್ದೆ.

ಯಾರೆದುರೂ ತಲೆ ತಗ್ಗಿಸಬೇಡ. ಅಮ್ಮನ ಆಶೀರ್ವಾದ ನಿನಗೆ, ನಿನ್ನ ಎರಡು ಕಿವಿಗಳಿಗೆ ಬೇರೆಯಾಗಿ.

ನಿನ್ನ ಜಗಳಗಂಟಿ ತಂಗಿ

ತಾ.ಕ.: ಸೋಮವಾರ, ಮ್ಯೂಸಿಯಮ್ಮಿನಿಂದಲೇ, ಆತುರದಲ್ಲಿ. ಫಲಕದಲ್ಲಿ ಗಾದೆ ಇಲ್ಲ! ಎಲ್ಲಕ್ಕೂ ಕಪ್ಪು ಬಳಿದು, "ಕತ್ತಲಲ್ಲಿ ಕಾಯುವ ಮೀನು" ಎಂದು ಬರೆದಿದೆ. ಬಣ್ಣ ಇನ್ನೂ ಹಸಿ. ಸಾಹೇಬರು ನನ್ನ ಮೇಲೆ ಹಾರಾಡುತ್ತಿದ್ದಾರೆ, ಆದರೆ ಆ ಕೈಬರಹ ಯಾರದೆಂದು ನನಗೆ ಗೊತ್ತಿಲ್ಲವೇ? ಬೆಳಿಗ್ಗೆ ಅಪ್ಪ ತಾವಾಗಿಯೇ ಮಾತಾಡಿಸಿ, "ಅವನಿರೋ ಕಡೆ ಚಳಿ ಜಾಸ್ತೀನಾ?" ಎಂದಷ್ಟೇ ಕೇಳಿದ್ದರು. ಈಗ ನೋಡಿದರೆ ನನ್ನ ಮೇಜಿನ ಮೇಲೊಂದು ಪೊಟ್ಟಣ, ಅದರ ಮೇಲೆ ಅಂಗಡಿ ಬೋರ್ಡಿನಂಥ ದೊಡ್ಡಕ್ಷರದಲ್ಲಿ ನಿನ್ನ ವಿಳಾಸ. ಇದರ ಜೊತೆಗೇ ಕಳಿಸುತ್ತಿದ್ದೇನೆ. ಒಳಗಿರುವ ಸ್ವೆಟರಿನ ಬಲತೋಳಿಗೆ ಕಪ್ಪು ಬಣ್ಣ ತಾಗಿದೆ. ಒಗೆಯಬೇಡ.